ಏಪ್ರಿಲ್ ರಜೆಯಲ್ಲಿ ಆಲ್ಪ್ಸ್ ಘಾಟಿ ಹತ್ತಬಹುದೇ?

ಪ್ರಶ್ನೆ (ಮೈಸೂರಿನ ಸದಸ್ಯರು):
ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಯಲ್ಲಿ ಮಗಳ ಬೇಸಿಗೆ ರಜೆಗೆ ಮ್ಯೂನಿಕ್‌ನಲ್ಲಿರುವ ಭಾವನ ಮನೆಗೆ ಹೋಗುತ್ತಿದ್ದೇವೆ. ಅಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡು, ಹತ್ತು ದಿನ ಆಲ್ಪ್ಸ್ ಸುತ್ತಿ, ಮ್ಯೂನಿಕ್‌ಗೇ ವಾಪಸ್ ಬರುವ ಯೋಚನೆ. ನಾನು, ಹೆಂಡತಿ, ಎಂಟು ವರ್ಷದ ಮಗಳು, ಅರವತ್ತೆಂಟರ ಅಮ್ಮ. ಗ್ರೋಸ್‌ಗ್ಲಾಕ್ನರ್, ಡೊಲೊಮೈಟ್ಸ್, ಸ್ಟೆಲ್ವಿಯೊ, ಕೋಮೋ ಸರೋವರ, ಝರ್ಮಾಟ್, ಇಂಟರ್‌ಲಾಕನ್, ಹಾಲ್‌ಸ್ಟಾಟ್ ಪಟ್ಟಿಯಲ್ಲಿವೆ. ಮ್ಯಾಪ್ ಪ್ರಕಾರ ದಿನಕ್ಕೆ ಸುಮಾರು ಐದು ಗಂಟೆ ಡ್ರೈವಿಂಗ್. ಆಗುತ್ತದೆ ಅಲ್ವಾ? ಗುಂಪಿನಲ್ಲಿರುವ ಪ್ರವಾಸ ಯೋಜಕರು ಹೇಳಬೇಕು.

ಉತ್ತರ (ಪ್ರವಾಸ ಯೋಜಕ, ಇನ್ಸ್‌ಬ್ರುಕ್):
ಆಗುವುದಿಲ್ಲ ಸರ್. ಟಿಕೆಟ್ ಬುಕ್ ಆಗುವ ಮೊದಲೇ ಕೇಳಿದ್ದೀರಿ ಅಂದುಕೊಳ್ಳುತ್ತೇನೆ.

ಮೊದಲ ತೊಂದರೆ ತಿಂಗಳದ್ದು. ಏಪ್ರಿಲ್‌ನಲ್ಲಿ ಎತ್ತರದ ಘಾಟಿಗಳಲ್ಲಿ ಹಲವು ಹಿಮದಡಿ ಮುಚ್ಚಿರುತ್ತವೆ. ಗ್ರೋಸ್‌ಗ್ಲಾಕ್ನರ್ ರಸ್ತೆ ಮೇ ಮೊದಲ ವಾರದ ಹೊತ್ತಿಗೆ ತೆರೆಯುತ್ತದೆ. ಸ್ಟೆಲ್ವಿಯೊ ಮೇ ಕೊನೆ ಅಥವಾ ಜೂನ್. ತೆರೆದ ಮೇಲೂ ಒಂದು ದಿನ ಜೋರಾಗಿ ಹಿಮ ಬಿದ್ದರೆ ಗೇಟ್ ಹಾಕಿಬಿಡುತ್ತಾರೆ. ನಮ್ಮೂರಿನ ಬೇಸಿಗೆ ರಜೆಗೂ ಇಲ್ಲಿನ ಘಾಟಿಗಳಿಗೂ ತಾಳೆಯಾಗುವುದಿಲ್ಲ. ಆದರೆ ದಸರಾ ರಜೆಗೆ ಚೆನ್ನಾಗಿ ತಾಳೆಯಾಗುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ಅಂದರೆ ಘಾಟಿಗಳು ಸಾಮಾನ್ಯವಾಗಿ ತೆರೆದಿರುತ್ತವೆ, ಆಗಸ್ಟ್‌ನ ಜನಜಂಗುಳಿ ಇರುವುದಿಲ್ಲ. ಮೈಸೂರಿನವರಿಗೆ ದಸರಾ ಬಿಟ್ಟು ಬನ್ನಿ ಅನ್ನಲು ನನಗೂ ಸ್ವಲ್ಪ ಸಂಕೋಚ. ಅದು ಆಗದಿದ್ದರೆ ಜೂನ್ ಮಧ್ಯದ ನಂತರ, ಶಾಲೆಗೆ ರಜಾ ಅರ್ಜಿ ಹಾಕಿ ಬರಬೇಕು.

ಎರಡನೆಯದು ಮ್ಯಾಪ್ ತೋರಿಸುವ ಐದು ಗಂಟೆ. ಅದರಲ್ಲಿ ಮಗು ವಾಂತಿ ಮಾಡುವುದು, ಸೈಕಲ್ ಸವಾರರ ಹಿಂದೆ ತೆವಳುವುದು, ಪಾರ್ಕಿಂಗ್ ಹುಡುಕುವುದು, ಅಮ್ಮನಿಗೆ ಬಾತ್‌ರೂಮ್ ಹುಡುಕುವುದು ಯಾವುದೂ ಸೇರಿಲ್ಲ. ನಾನು ಯೋಜನೆ ಹಾಕುವಾಗ ಮ್ಯಾಪ್ ಸಮಯದ ಒಂದೂವರೆ ಪಟ್ಟು ಹಿಡಿಯುತ್ತೇನೆ. ದಿನಕ್ಕೆ ಒಂದೇ ದೊಡ್ಡ ಘಾಟಿ. ಝರ್ಮಾಟ್, ಇಂಟರ್‌ಲಾಕನ್ ಕೈಬಿಡಿ. ಅವು ಪಶ್ಚಿಮದ ಕಡೆಯವು, ಬೇರೆಯದೇ ಪ್ರವಾಸ. ಝರ್ಮಾಟ್ ಊರೊಳಗೆ ಕಾರನ್ನೇ ಬಿಡುವುದಿಲ್ಲ. ಟೆಶ್‌ನಲ್ಲಿ ನಿಲ್ಲಿಸಿ ರೈಲು ಹತ್ತಬೇಕು. ಅಷ್ಟಕ್ಕೆ ಕಾರು ಯಾಕೆ? ಹಾಲ್‌ಸ್ಟಾಟ್ ಚಂದವೇ, ಆದರೆ ನಿಮ್ಮ ದಾರಿಯಿಂದ ಪೂರ್ವಕ್ಕೆ ಸರಿದು ಹೋಗುತ್ತದೆ. ಕೋಮೋ ಕೂಡ ಈ ಸಲ ಬೇಡ.

ಉಳಿದದ್ದನ್ನು ಒಂದು ಸುತ್ತು ಮಾಡೋಣ.

ಮ್ಯೂನಿಕ್‌ನಿಂದ ಕುಫ್‌ಸ್ಟೈನ್, ಕಿಟ್ಸ್‌ಬ್ಯೂಲ್ ಮೇಲೆ ಝೆಲ್ ಆಮ್ ಝೇ. ಮೊದಲ ರಾತ್ರಿ ಅಲ್ಲಿ. ಸರೋವರದ ದಡ, ಸಮತಟ್ಟಾದ ನಡಿಗೆ, ವಿಮಾನದ ಆಯಾಸ ಕಳೆಯಲು ಸಾಕು. ಮರುದಿನ ಬೆಳಿಗ್ಗೆ ಬೇಗ ಗ್ರೋಸ್‌ಗ್ಲಾಕ್ನರ್ ಹೈ ಆಲ್ಪೈನ್ ರಸ್ತೆ. 1935ರಲ್ಲಿ ತೆರೆದದ್ದು, 48 ಕಿ.ಮೀ., 36 ಹೇರ್‌ಪಿನ್ ತಿರುವು. ಕಾರಿಗೆ ದಿನದ ಟೋಲ್ 40 ಯೂರೋ ದಾಟಿದೆ, ಜಾಸ್ತಿ ಅನ್ನಿಸುತ್ತದೆ. ಆದರೆ ಸುಮ್ನೆ ದಾಟಿ ಹೋದರೆ ಮಾತ್ರ ದುಬಾರಿ, ಇಡೀ ದಿನ ಕೊಟ್ಟರೆ ಅಲ್ಲ. 2,571 ಮೀಟರ್ ಎತ್ತರದ ಎಡೆಲ್‌ವೈಸ್‌ಸ್ಪಿಟ್ಸೆಗೆ ಕಾರಿನಲ್ಲೇ ಹತ್ತಬಹುದು. ಆಮೇಲೆ ಕೈಸರ್ ಫ್ರಾನ್ಸ್ ಯೋಸೆಫ್ಸ್ ಹೋಹೆ. ಎದುರಿಗೆ 3,798 ಮೀಟರಿನ ಗ್ರೋಸ್‌ಗ್ಲಾಕ್ನರ್, ಆಸ್ಟ್ರಿಯಾದ ಅತಿ ಎತ್ತರದ ಶಿಖರ. ಕೆಳಗೆ ಪಾಸ್ಟೆರ್ಸೆ ಹಿಮನದಿ, ವರ್ಷವರ್ಷಕ್ಕೂ ಹಿಂದೆ ಸರಿಯುತ್ತಿದೆ. ಮಗಳಿಗೆ ಅಲ್ಲಿ ಮರ್ಮಟ್ ಎಂಬ ದೊಡ್ಡ ಅಳಿಲಿನ ಜಾತಿಯ ಪ್ರಾಣಿ ಕಾಣಬಹುದು, ಶಿಳ್ಳೆ ಹಾಕಿದಂತೆ ಕೂಗುತ್ತವೆ. ಚಳಿಗಾಲ ಹತ್ತಿರವಾದಂತೆ ಬಿಲ ಸೇರಿಬಿಡುತ್ತವೆ, ಹಾಗಾಗಿ ಅಕ್ಟೋಬರ್‌ನಲ್ಲಿ ಮಾತು ಕೊಡಬೇಡಿ. ಇಳಿಯುವಾಗ ಹೈಲಿಗೆನ್‌ಬ್ಲುಟ್‌ನ ಚೂಪು ಗೋಪುರದ ಚರ್ಚಿನ ಬಳಿ ನಿಲ್ಲಿಸಿ, ಲಿಯೆಂಟ್ಸ್‌ನಲ್ಲಿ ರಾತ್ರಿ ಕಳೆಯಿರಿ.

ಅಲ್ಲಿಂದ ಇಟಲಿ. ಡೊಲೊಮೈಟ್ಸ್‌ಗೆ ನಾಲ್ಕು ರಾತ್ರಿ ಕೊಡಿ, ಇದೇ ಈ ಪ್ರವಾಸದ ಹೂರಣ. ಎರಡು ರಾತ್ರಿ ಡೊಬ್ಬಿಯಾಕೊ ಕಡೆ, ಎರಡು ರಾತ್ರಿ ವಾಲ್ ಗಾರ್ಡೆನಾದಲ್ಲಿ. ದಿನಾ ಹೋಟೆಲ್ ಬದಲಿಸಿದರೆ ಅರ್ಧ ರಜೆ ಸೂಟ್‌ಕೇಸ್ ಕಟ್ಟುವುದರಲ್ಲೇ ಹೋಗುತ್ತದೆ. ಬ್ರಾಯೆಸ್ ಸರೋವರಕ್ಕೆ ಬೆಳಿಗ್ಗೆ ಎಂಟರೊಳಗೆ ಹೋಗಿ. ಜುಲೈ, ಆಗಸ್ಟ್‌ನಲ್ಲಿ ಹಗಲು ಹೊತ್ತು ಮುಂಗಡ ಬುಕಿಂಗ್ ಇಲ್ಲದೆ ಕಾರು ಬಿಡುವುದಿಲ್ಲ. ಟ್ರೆ ಚಿಮೆ ಶಿಖರಗಳ ಬುಡಕ್ಕೆ, ಔರೊನ್ಸೊ ರೆಫ್ಯೂಜ್ (ಬೆಟ್ಟದ ತಂಗುಮನೆ) ತನಕ ಟೋಲ್ ರಸ್ತೆ ಇದೆ. ಅಮ್ಮ ಅಲ್ಲೇ ಕಾಫಿ ಕುಡಿಯುತ್ತಾ ಕೂರಬಹುದು, ನೀವು ಸ್ವಲ್ಪ ನಡೆದು ಬರಬಹುದು. ಕೊರ್ಟಿನಾದಿಂದ ಪಶ್ಚಿಮಕ್ಕೆ ಫಾಲ್ಝರೆಗೊ, ಪೊರ್ಡೊಯಿ ಘಾಟಿಗಳು. ದಿನಕ್ಕೊಂದೇ ಘಾಟಿ ಅನ್ನುವ ನನ್ನ ನಿಯಮ ಇಲ್ಲಿ ಮಾತ್ರ ಸಡಿಲ, ಯಾಕೆಂದರೆ ದೂರ ಕಡಿಮೆ. ಪೊರ್ಡೊಯಿಯಿಂದ ಕೇಬಲ್ ಕಾರು 2,950 ಮೀಟರಿಗೆ ಒಯ್ಯುತ್ತದೆ. ಅಮ್ಮನಿಗೆ ನಾನು ಹೇಳುವುದು ಆಲ್ಪೆ ಡಿ ಸಿಯುಸಿ. ವಿಶಾಲವಾದ ಹುಲ್ಲುಗಾವಲು, ಗೊಂಡೊಲಾದಲ್ಲಿ (ಸಣ್ಣ ಕೇಬಲ್ ಕಾರು) ಹೋಗಿ ಇಳಿದರೆ ಹೆಚ್ಚು ಏರಿಳಿತ ಇಲ್ಲದ ದಾರಿಗಳು ಸಿಗುತ್ತವೆ.

ಬೋಲ್ಝಾನೊದಲ್ಲಿ ಒಂದು ಮಧ್ಯಾಹ್ನ ಓಟ್ಸಿಯನ್ನು ನೋಡಿ. 1991ರಲ್ಲಿ ಹಿಮದಲ್ಲಿ ಸಿಕ್ಕಿದ, ಸುಮಾರು 5,300 ವರ್ಷ ಹಿಂದಿನ ಮನುಷ್ಯನ ದೇಹ. ಮ್ಯೂಸಿಯಂ ಸಾಮಾನ್ಯವಾಗಿ ಸೋಮವಾರ ರಜೆ. ಆ ರಾತ್ರಿ ಮೆರಾನೊ ದಾಟಿ ಪ್ರಾಟೊದಲ್ಲಿ ತಂಗಿ, ಯಾಕೆಂದರೆ ಮರುದಿನ ಸ್ಟೆಲ್ವಿಯೊ.

ಮೈಸೂರಿನ ಸದಸ್ಯರು:
ದಸರಾಕ್ಕೇ ಬರುತ್ತೇವೆ ಸರ್, ಟಿಕೆಟ್ ಆಗಿಲ್ಲ. ಆದರೆ ಸ್ಟೆಲ್ವಿಯೊ ಅಮ್ಮನಿಗೆ ಕಷ್ಟವೇ? ಚಾರ್ಮಾಡಿಯಲ್ಲೇ ಅವರಿಗೆ ತಲೆ ಸುತ್ತುತ್ತದೆ.

ಉತ್ತರ:
ಹಾಗಾದರೆ ಅವರನ್ನು ಅದರ ಮೇಲೆ ಕರೆದೊಯ್ಯಬೇಡಿ. ಪ್ರಾಟೊ ಕಡೆಯಿಂದ 48 ಹೇರ್‌ಪಿನ್, ತುದಿ 2,757 ಮೀಟರ್. 1820ರಿಂದ 1825ರ ನಡುವೆ ಕಾರ್ಲೊ ಡೊನೆಗಾನಿ ಎಂಬ ಇಂಜಿನಿಯರ್ ಕಟ್ಟಿಸಿದ್ದು, ಆಗ ಲೊಂಬಾರ್ಡಿ ಆಸ್ಟ್ರಿಯಾದ ಕೈಯಲ್ಲಿತ್ತು. ಕುದುರೆ ಗಾಡಿಗೆ ಮಾಡಿದ ತಿರುವುಗಳಲ್ಲಿ ಈಗ ಬಸ್ಸು, ಬೈಕು, ಸೈಕಲ್ ಎಲ್ಲವೂ. ಫೋಟೋದಲ್ಲಿ ಕಾಣುವ ಆ ಹಾವಿನಂಥ ರಸ್ತೆ ತುದಿಯಿಂದ ನೋಡಲು ಚಂದ, ಅದರೊಳಗೆ ಗಾಡಿ ಓಡಿಸುವವನಿಗೆ ಮುಂದಿನ ತಿರುವು ಬಿಟ್ಟು ಏನೂ ಕಾಣುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹೆಸರಿಗೆ ತಕ್ಕಷ್ಟು ಸುಖ ಅದರಲ್ಲಿಲ್ಲ.

ಬದಲಿ ದಾರಿ ಸುಲಭ. ಪ್ರಾಟೊದಿಂದ ಟುಬ್ರೆ ಮೇಲೆ ಸ್ವಿಟ್ಜರ್ಲೆಂಡಿನ ಮ್ಯೂಸ್ಟೈರ್‌ಗೆ ಹೋಗಿ. ಅಲ್ಲಿನ ಸಂತ ಜಾನ್ ಮಠ ಯುನೆಸ್ಕೊ ಪಟ್ಟಿಯಲ್ಲಿದೆ, ಒಳಗೆ ಸಾವಿರ ವರ್ಷಕ್ಕೂ ಹಳೆಯ ಭಿತ್ತಿಚಿತ್ರಗಳಿವೆ. ಮುಂದೆ ಓಫೆನ್ ಘಾಟಿ, 2,149 ಮೀಟರ್, ತಿರುವುಗಳು ಅಷ್ಟು ಬಿಗಿ ಇಲ್ಲ. 1914ರಲ್ಲಿ ಆದ ಸ್ವಿಸ್ ನ್ಯಾಷನಲ್ ಪಾರ್ಕಿನ ನಡುವೆ ಹಾದು ಝೆರ್ನೆಟ್ಸ್ ತಲುಪುತ್ತದೆ. ಎಂಗಡಿನ್ ಕಣಿವೆಯಲ್ಲಿ ಎರಡು ರಾತ್ರಿ ಉಳಿಯಿರಿ. ಒಂದು ದಿನ ಕಾರನ್ನು ಬಿಟ್ಟು ಸೇಂಟ್ ಮೋರಿಟ್ಜ್‌ನಿಂದ ಟಿರಾನೊಗೆ ಬರ್ನಿನಾ ರೈಲು ಹತ್ತಿ. ಏರಿಗೆ ಹಿಡಿತ ಕೊಡುವ ಹಲ್ಲುಹಳಿ ಇಲ್ಲದೆ 2,253 ಮೀಟರ್ ಎತ್ತರಕ್ಕೆ ಹತ್ತಿ 429 ಮೀಟರಿಗೆ ಇಳಿಯುತ್ತದೆ. ಎಕ್ಸ್‌ಪ್ರೆಸ್ ಬೇಡ, ಅದೇ ಹಳಿಯ ಸಾಧಾರಣ ಕೆಂಪು ರೈಲಿಗೆ ರಿಸರ್ವೇಷನ್ ಬೇಕಿಲ್ಲ. ಕೊನೆಯ ದಿನ ಇನ್ ನದಿಯ ಗುಂಟ ಸ್ಕುವೊಲ್, ಲ್ಯಾಂಡೆಕ್, ಫರ್ನ್ ಘಾಟಿ ದಾಟಿ ಮ್ಯೂನಿಕ್.

ಇನ್ನೊಬ್ಬ ಸದಸ್ಯೆ (ಸ್ಟುಟ್‌ಗಾರ್ಟ್):
ವಿಗ್ನೆಟ್ (ಮೋಟಾರುಮಾರ್ಗದ ಶುಲ್ಕದ ಚೀಟಿ) ಬಗ್ಗೆಯೂ ಹೇಳಿ ಸರ್. ನಮ್ಮ ಪರಿಚಯದವರಿಗೆ ಮನೆಗೆ ಹೋದ ಎರಡು ತಿಂಗಳ ಮೇಲೆ ದಂಡದ ಕಾಗದ ಬಂತು.

ಉತ್ತರ:
ಆಸ್ಟ್ರಿಯಾದ ಮೋಟಾರುಮಾರ್ಗಕ್ಕೆ ಹತ್ತು ದಿನದ ಡಿಜಿಟಲ್ ವಿಗ್ನೆಟ್ ತೆಗೆದುಕೊಳ್ಳಿ, ಕಾರಿನ ನಂಬರ್ ಸರಿಯಾಗಿ ಹಾಕಿ. ಸ್ವಿಟ್ಜರ್ಲೆಂಡಿನದು ವರ್ಷಕ್ಕೊಂದೇ, 40 ಫ್ರಾಂಕ್, ಆದರೆ ಮೇಲೆ ಹೇಳಿದ ದಾರಿಯಲ್ಲಿ ಸ್ವಿಸ್ ಮೋಟಾರುಮಾರ್ಗವೇ ಬರುವುದಿಲ್ಲ. ಹಾಗಾಗಿ ಬೇಕಿಲ್ಲ.

ಮೇಡಂ, ತಡವಾಗಿ ಬರುವ ದಂಡ ಹೆಚ್ಚಾಗಿ ಇಟಲಿಯ ಝೆಡ್‌ಟಿಎಲ್‌ನದು. ಊರಿನ ಹಳೆಯ ಭಾಗಕ್ಕೆ ಹೊರಗಿನ ಕಾರು ಬರದಂತೆ ಕ್ಯಾಮೆರಾ ಇಟ್ಟಿರುತ್ತಾರೆ. ಬಿಳಿ ಹಲಗೆಯಲ್ಲಿ ಕೆಂಪು ವೃತ್ತ ಕಂಡರೆ ಒಳಗೆ ಹೋಗಬೇಡಿ, ಜಿಪಿಎಸ್ ಏನೇ ಹೇಳಲಿ. ಬೋಲ್ಝಾನೊದಲ್ಲಿ ಹೊರಗಿನ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ನಡೆಯಿರಿ.

ಮೈಸೂರಿನ ಸದಸ್ಯರು:
ಕಾರು, ಲೈಸೆನ್ಸ್, ಊಟ? ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ.

ಉತ್ತರ:
ಲೈಸೆನ್ಸ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮೈಸೂರಿನ ಆರ್‌ಟಿಒದಲ್ಲೇ ಮಾಡಿಸಿ, ಒಂದು ವರ್ಷ ನಡೆಯುತ್ತದೆ. ಕಾರು ಆಟೊಮ್ಯಾಟಿಕ್ ಅಂತ ಸ್ಪಷ್ಟವಾಗಿ ಕೇಳಿ. ಸ್ಟೀರಿಂಗ್ ಎಡಕ್ಕೆ, ರಸ್ತೆಯ ಬಲಕ್ಕೆ ಓಡಿಸುವಾಗ ಗೇರ್ ತಲೆನೋವು ಬೇಡ. ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್ಲೆಂಡ್‌ಗೆ ಒಯ್ಯುತ್ತೇವೆ ಅಂತ ಮೊದಲೇ ಹೇಳಿ ಬರೆಸಿಕೊಳ್ಳಿ. ಅಕ್ಟೋಬರ್ ಆದ್ದರಿಂದ ಚಳಿಗಾಲದ ಟೈರ್ ಕೇಳಿ. ಮಗಳು 150 ಸೆಂ.ಮೀ.ಗಿಂತ ಕುಳ್ಳಗಿದ್ದರೆ ಬೂಸ್ಟರ್ ಸೀಟ್ ಬೇಕು. ಪೆಟ್ರೋಲ್ ಬಂಕಿನಲ್ಲಿ ವೃತ್ತದೊಳಗೆ ಇ ಅಕ್ಷರ ಇದ್ದರೆ ಪೆಟ್ರೋಲ್, ಚೌಕದೊಳಗೆ ಬಿ ಇದ್ದರೆ ಡೀಸೆಲ್. ಟ್ಯಾಂಕಿನ ಮುಚ್ಚಳದಲ್ಲೂ ಅದೇ ಗುರುತು ಇರುತ್ತದೆ.

ಊಟಕ್ಕೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಇಲ್ಲಿನ ಸಸ್ಯಾಹಾರಿ ತಿಂಡಿಗಳಲ್ಲಿ ಮೊಟ್ಟೆ ತುಂಬಾ ಸಾಮಾನ್ಯ, ಕ್ನೋಡೆಲ್ ಉಂಡೆಯಲ್ಲೂ ಇರುತ್ತದೆ. ಚೀಸ್‌ಗೂ ಕರುವಿನ ಹೊಟ್ಟೆಯ ರೆನೆಟ್ ಹಾಕುವುದುಂಟು. ಅಮ್ಮ ಅಷ್ಟು ಕಟ್ಟುನಿಟ್ಟಾದರೆ ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ ಮ್ಯೂನಿಕ್‌ನ ಭಾವನ ಮನೆಯಿಂದಲೇ ಒಯ್ಯಿರಿ. ಆಸ್ಟ್ರಿಯಾದಲ್ಲಿ ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ಹಾಲು ಮೊಸರು ಶನಿವಾರವೇ ತಂದಿಡಿ.

ಸದಸ್ಯರು (ಹಾಸನ):
ಘಾಟಿ ಓಡಿಸಿ ನನಗೆ ರೂಢಿ ಇದೆ. ಶಿರಾಡಿಗಿಂತ ಬೇರೆ ಏನು?

ಉತ್ತರ:
ರೂಢಿ ಇದ್ದವರು ಇಲ್ಲಿ ಮಾಡುವ ಎಡವಟ್ಟು ಹಾರ್ನ್ ಮತ್ತು ಅಡ್ಡ ಕತ್ತರಿಸುವುದು. ತಿರುವಿನಲ್ಲಿ ನಿಮ್ಮ ಗೆರೆ ಬಿಡಬೇಡಿ, ಎದುರಿಗೆ ಬೈಕ್ ಬಂದೇ ಬರುತ್ತದೆ. ಇಕ್ಕಟ್ಟಾದ ಕಡೆ ಹತ್ತುವವರಿಗೆ ದಾರಿ ಬಿಡಬೇಕು, ಅದು ಊರಿನಂತೆಯೇ. ಸ್ವಿಟ್ಜರ್ಲೆಂಡಿನ ಘಾಟಿಯಲ್ಲಿ ಹಳದಿ ಪೋಸ್ಟ್ ಬಸ್ಸಿನ ಮೂರು ಸ್ವರದ ಹಾರ್ನ್ ಕೇಳಿದರೆ ಅಗಲ ಇರುವ ಜಾಗದಲ್ಲಿ ನಿಂತುಬಿಡಿ. ಹಿಂದೆ ಹೋಗು ಅಂತ ಆ ಡ್ರೈವರ್ ಕೈ ತೋರಿಸಿದರೆ ಹೋಗಬೇಕು. ಇಳಿಯುವಾಗ ಕಡಿಮೆ ಗೇರಿನಲ್ಲಿ ಇಳಿಯಿರಿ, ಆಟೊಮ್ಯಾಟಿಕ್‌ನಲ್ಲೂ ಮ್ಯಾನ್ಯುಯಲ್ ಮೋಡ್ ಇರುತ್ತದೆ. ಬ್ರೇಕ್ ವಾಸನೆ ಬಂದರೆ ಬದಿಗೆ ನಿಲ್ಲಿಸಿ ಇಪ್ಪತ್ತು ನಿಮಿಷ ಆರಲು ಬಿಡಿ, ನೀರು ಸುರಿಯಬೇಡಿ.