ಒತ್ತಕ್ಷರ ಬಂದಲ್ಲೆಲ್ಲ ಬ್ರೈಲ್ ಓದು ತಡವರಿಸುತ್ತಿದೆ: ಇದು ಯಂತ್ರದ ದೋಷವೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯುಸಿಯಲ್ಲಿರುವ ಅಂಧ ವಿದ್ಯಾರ್ಥಿನಿಯೊಬ್ಬಳಿಗಾಗಿ ಪರ್ಕಿನ್ಸ್ ಬ್ರೈಲರ್‌ ಎಂಬ ಬ್ರೈಲ್ ಒತ್ತುವ ಯಂತ್ರದಲ್ಲಿ ಕನ್ನಡ ಸಣ್ಣಕಥೆಗಳನ್ನು ಬ್ರೈಲ್‌ಗೆ ಇಳಿಸುತ್ತಿದ್ದೇನೆ. ಮೊದಲ ಹನ್ನೆರಡು ಪುಟಗಳನ್ನು ಅವಳು ನನ್ನೆದುರೇ ಓದಿದಳು. ‘ಮನೆ’, ‘ಮಳೆ’ಗಳ ಮೇಲೆ ಸರಾಗವಾಗಿ ಹರಿದ ಬೆರಳು ‘ರಕ್ತ’ ಎಂಬಲ್ಲಿ ನಿಂತು, ಹಿಂದಕ್ಕೆ ಸರಿದು, ಮತ್ತೆ ಮುಂದೆ ಬಂದಿತು. ಅವಳು ಅದನ್ನು ‘ರಕತ್’ ಎಂದು ಓದಿದಳು. ‘ಬುದ್ಧಿ’ಯನ್ನು ‘ಬುದಿಧ್’ ಎಂದೂ ‘ಅರ್ಥ’ವನ್ನು ‘ಅಥರ್’ ಎಂದೂ ಓದಿದಳು. ಬ್ರೈಲ್‌ನ ಆರು ಚುಕ್ಕಿಗಳಿಗೂ ಒಂದೊಂದು ಸಂಖ್ಯೆ, ಒಂದೊಂದು ಕೀಲಿ ಇದೆಯಲ್ಲ, ಅದರಲ್ಲಿ ಹಲಂತಕ್ಕೆ (ವ್ಯಂಜನದ ಸ್ವರ ಕಳೆಯುವ ಚಿಹ್ನೆಗೆ) ಬಳಸುವ 4ನೆಯ ಚುಕ್ಕಿಯ ಕೀಲಿ ಕೆಟ್ಟಿರಬಹುದೇ?

ಉತ್ತರ:
ಯಂತ್ರ ಸರಿಯಾಗಿಯೇ ಇದೆ. ‘ಮ’ಕ್ಕೆ 1-3-4, ‘ನ’ಕ್ಕೆ 1-3-4-5 ಚುಕ್ಕಿಗಳು ಬೇಕು, 4ನೆಯ ಕೀಲಿ ಕೆಟ್ಟಿದ್ದರೆ ‘ಮನೆ’ಯನ್ನೂ ಅವಳು ಓದಲಾಗುತ್ತಿರಲಿಲ್ಲ. ತಪ್ಪಿರುವುದು ಅಕ್ಷರಗಳ ಅನುಕ್ರಮ. ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಹಲಂತದ ಚುಕ್ಕಿಯು ತಾನು ಸ್ವರ ಕಳೆಯುವ ವ್ಯಂಜನಕ್ಕಿಂತ ಮೊದಲು ಬರಬೇಕು. ಕಂಪ್ಯೂಟರಿನಲ್ಲಿ ಯೂನಿಕೋಡ್ ಕನ್ನಡ ಬೆರಳಚ್ಚಿಸಿ ಅಭ್ಯಾಸವಾದವರು ‘ಕ’ದ ನಂತರ ಹಲಂತ ಹಾಕುವುದು ಸಹಜ, ನಾನೂ ಬಹಳ ದಿನ ಹಾಗೆಯೇ ಹಾಕಿದ್ದೇನೆ. ‘ರಕ್ತ’ಕ್ಕೆ ರ, 4, ಕ, ತ ಎಂದು ಒತ್ತಿ, ‘ಶಾಸ್ತ್ರ’ದಂತೆ ಮೂರು ವ್ಯಂಜನ ಕೂಡಿದಲ್ಲಿ ಸ, ತ ಎರಡಕ್ಕೂ ಮೊದಲು ಒಂದೊಂದು 4 ಬರುತ್ತದೆ.

ಇನ್ನೊಂದು ತೊಡಕು ನಮ್ಮ ಲಿಪಿಯಿಂದಲೇ ಬಂದದ್ದು. ಅಚ್ಚಿನಲ್ಲಿ ‘ಬುದ್ಧಿ’ಯ ಗುಡಿಸು ‘ದ’ದ ಮೇಲೆ ಕಾಣುತ್ತದೆ, ‘ಅರ್ಥ’ದ ಅರ್ಕಾವತ್ತು ‘ಥ’ದ ನಂತರ ಕಾಣುತ್ತದೆ, ಆದರೆ ಬ್ರೈಲ್ ಉಚ್ಚಾರಣೆಯ ಕ್ರಮವನ್ನೇ ಹಿಡಿಯುವುದರಿಂದ ಮೊದಲನೆಯದು ಬ, ಉ, 4, ದ, ಧ, ಇ ಎಂದಾಗಬೇಕು, ಎರಡನೆಯದು ಅ, 4, ರ, ಥ ಎಂದಾಗಬೇಕು. ಪ್ರತಿ ಪದವನ್ನು ಮೆಲ್ಲಗೆ ಬಾಯಲ್ಲಿ ಹೇಳಿಕೊಂಡು ಒತ್ತಿದರೆ ಈ ತಪ್ಪು ಬೇಗ ಬಿಟ್ಟುಹೋಗುತ್ತದೆ. ‘ಕ್ಷ’ (1-2-3-4-5), ‘ಜ್ಞ’ (1-5-6) ಇವೆರಡಕ್ಕೆ ಮಾತ್ರ ಸ್ವಂತ ಚಿಹ್ನೆಗಳಿವೆ, ಅಲ್ಲಿ ಹಲಂತ ಬೇಡ.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದಗಳು. ನಾನು ಕಣ್ಣಿಗೆ ಕಂಡಂತೆಯೇ ಒತ್ತುತ್ತಿದ್ದೆ. ಹಳೆಯ ಹನ್ನೆರಡು ಪುಟಗಳಲ್ಲಿ ತಪ್ಪಿದ ಚುಕ್ಕಿಗಳನ್ನು ಚಪ್ಪಟೆ ಮಾಡಿ ತಿದ್ದಬಹುದೇ?

ಉತ್ತರ:
ಒಂದೆರಡು ಕಡೆಯಾದರೆ ತಿದ್ದಬಹುದು. ಆದರೆ ಎಷ್ಟು ಒತ್ತಿದರೂ ಚುಕ್ಕಿಯ ಗುರುತು ಬೆರಳಿಗೆ ತಾಗುತ್ತದೆ, ಮತ್ತು ಕನ್ನಡದ ಒಂದು ಪುಟದಲ್ಲಿ ಒತ್ತಕ್ಷರಗಳಿಗೆ ಲೆಕ್ಕವಿಲ್ಲ. ಪರೀಕ್ಷೆಗೆ ಓದುವ ಹುಡುಗಿಗೆ ಅಂಥ ಹಾಳೆ ಕೊಡುವುದು ಸರಿಯಲ್ಲ, ಹೊಸದಾಗಿ ಬರೆಯಿರಿ. ಮೊದಲು ಒಂದೇ ಪುಟ ಸಿದ್ಧಪಡಿಸಿ, ಅವಳಿಂದಲೇ ಗಟ್ಟಿಯಾಗಿ ಓದಿಸಿ, ಅವಳು ಒಪ್ಪಿದ ಮೇಲೆ ಉಳಿದವನ್ನು ಮುಂದುವರಿಸಿ.