ಅಜ್ಜಿ ಮನೆ ಒಡೀತಿದ್ದಾರೆ, ಮಗನಿಗೆ ಹೇಗೆ ಹೇಳೋದು?

ಹಳೇ ದಾವಣಗೆರೆಯಲ್ಲಿ ನಮ್ಮ ತವರುಮನೆ ಇದೆ. ದೀಪಾವಳಿ ಮುಗಿದ ಮೇಲೆ ಒಡೆದು ಆರ್‌ಸಿಸಿ ಮನೆ ಕಟ್ಟುತ್ತಾರೆ. ಮಾಡು ಸೋರುತ್ತಿದೆ, ಗೋಡೆ ಬಿರುಕು ಬಿಟ್ಟಿದೆ, ಬೇರೆ ದಾರಿ ಇಲ್ಲ. ಮಗನಿಗೆ ಆರು ವರ್ಷ. ವಿಷಯ ಕಿವಿಗೆ ಬಿದ್ದಾಗಿನಿಂದ ನಡುಮನೆ ಕಂಬ ಅಪ್ಪಿಕೊಂಡು ಅಳುತ್ತಾನೆ. ಸಮಾಧಾನ ಮಾಡಿದಷ್ಟೂ ಜಾಸ್ತಿ ಆಗುತ್ತಿದೆ. ಅನುಭವ ಇರುವವರು ಹೇಳಿ.

*

ಅಕ್ಕಾ, ಸ್ವಲ್ಪ ದಿನ ಸಮಾಧಾನ ಮಾಡುವುದನ್ನೇ ಬಿಟ್ಟುಬಿಡಿ. ನಾನು ಮಾಡಿದ ತಪ್ಪು ಅದೇ.

ನಮ್ಮೂರು ಹೊಸದುರ್ಗದ ಕಡೆ, ವಾಣಿವಿಲಾಸ ಸಾಗರದ ಹಿನ್ನೀರಿನ ಅಂಚಿನಲ್ಲಿ. ನೀರು ಎಷ್ಟೋ ವರ್ಷ ಹಿಂದಕ್ಕೆ ಸರಿದಿತ್ತು. ನನ್ನ ಮಗಳ ಪಾಲಿಗೆ ಅದು ಆಟದ ಬಯಲು, ಅಲ್ಲೊಂದು ಚಪ್ಪಟೆ ಬಂಡೆ, ರಜೆ ಬಂತೆಂದರೆ ಅವಳ ಅಂಗಡಿ, ಅಡುಗೆಮನೆ, ಶಾಲೆ ಎಲ್ಲಾ ಅದರ ಮೇಲೆಯೇ. 2022ರಲ್ಲಿ ಜಲಾಶಯ 130 ಅಡಿ ತುಂಬಿ ಕೋಡಿ ಬಿತ್ತು. 1933 ಬಿಟ್ಟರೆ ಅದೇ, 89 ವರ್ಷ ಆಗಿತ್ತು! ನಮ್ಮಂಥ ಬರದ ಸೀಮೆಗೆ ಅದಕ್ಕಿಂತ ಖುಷಿ ಇನ್ನೇನಿದೆ? ಆದರೆ ದಸರಾ ರಜೆಗೆ ಹೋದವಳು ದಂಡೆಯಲ್ಲಿ ನಿಂತು, "ನನ್ನ ಬಂಡೆ ಎಲ್ಲಿ?" ಅಂದಳು.

"ನೋಡು ಪುಟ್ಟಿ, ಎಷ್ಟು ಚಂದ ನೀರು" ಅಂದೆ. ತೋಟಕ್ಕೆ ಒಳ್ಳೇದು ಅಂದೆ. ರಾತ್ರಿ ಊಟ ಬಿಟ್ಟಳು. ಅವಳಿಗೆ ನೀರಿನ ಮೇಲೆ ಸಿಟ್ಟಿರಲಿಲ್ಲ, ಅವಳ ಬಂಡೆ ಹೋದದ್ದು ನಮಗೆ ಯಾರಿಗೂ ಲೆಕ್ಕಕ್ಕೇ ಇಲ್ಲವಲ್ಲ ಅಂತ ಸಿಟ್ಟು.

ಮಾರನೇ ದಿನ ಅವಳ ಅಜ್ಜ ದಂಡೆಗೆ ಕರೆದುಕೊಂಡು ಹೋದರು. ಕೋಲು ನೀರಿನ ಕಡೆ ಚಾಚಿ, "ಆ ಮುಳುಗಿದ ಜಾಲಿಮರದ ತುದಿ ಕಾಣ್ತೈತಲ್ಲವ್ವ, ಅಲ್ಲಿಂದ ಎಡಕ್ಕೆ ಹತ್ತು ಮಾರು. ನಿನ್ನ ಬಂಡೆ ಅಲ್ಲೇ ಐತೆ" ಅಂದರು. ಅವಳು ಕೋಲು ಇಸಿದುಕೊಂಡು ತಾನೇ ತೋರಿಸಿದಳು. ಎಡಕ್ಕಾ? ಇಷ್ಟಾ? ಐದಾರು ಸಲ ಕೇಳಿದಳು, ಅವರು ಐದಾರು ಸಲವೂ ಬೇಸರವಿಲ್ಲದೆ ಹೇಳಿದರು. ಆಮೇಲೆ ಅವಳೇ ನೀರಿನ ಅಂಚಿಗೆ ಕಲ್ಲುಗಳನ್ನು ಸಾಲಾಗಿ ಇಟ್ಟಳು, ನೀರು ಎಷ್ಟು ಏರುತ್ತೆ, ಎಷ್ಟು ಇಳಿಯುತ್ತೆ ನೋಡೋಕೆ. ಪೂರ್ತಿ ಸರಿಹೋಗಲು ಒಂದು ವರ್ಷವೇ ಹಿಡಿಯಿತು, ಅಷ್ಟು ಹಿಡಿಯುತ್ತೆ ಅಂತ ನೀವೂ ಇಟ್ಟುಕೊಳ್ಳಿ.

ಹಾಗಾಗಿ ಹೊಸ ಮನೆ ಹೊಗಳಬೇಡಿ. "ಹೌದು ಕಂದಾ, ನನಗೂ ಹೊಟ್ಟೆ ಕಿವುಚುತ್ತೆ" ಅನ್ನಿ. ನಿಮಗೂ ಹಾಗೇ ಆಗುತ್ತಿರುತ್ತದೆ ಅಲ್ವಾ? ನೀವು ಆಡಿ ಬೆಳೆದ ಮನೆ ಅದು. ಒಡೆಯುವ ಮುಂಚೆ ಏನನ್ನು ಇಟ್ಟುಕೊಳ್ಳಬೇಕು ಅಂತ ಅವನನ್ನೇ ಕೇಳಿ. ಕೇಳಿದ ಮೇಲೆ ಅವನು ಹೇಳಿದ್ದನ್ನು ಇಟ್ಟುಕೊಳ್ಳಲೇಬೇಕು.

*

ನಮ್ಮದು ಚಿತ್ರದುರ್ಗ, ನಮ್ಮ ಮನೆಯನ್ನೂ ಹೀಗೇ ಒಡೆದೆವು. ಜೆಸಿಬಿ ಬರುವ ದಿನ ಮಗು ಅಲ್ಲಿರಬಾರದು, ಇದೊಂದು ಮಾತು ಖಂಡಿತ ಕೇಳಿ. ನಮ್ಮ ಮಗ ನೋಡಿಬಿಟ್ಟ, ಎಷ್ಟೋ ರಾತ್ರಿ ಬೆಚ್ಚಿಬೀಳುತ್ತಿದ್ದ. ಆದರೆ ಪಾಯದಿಂದ ಆಚೆಗೆ ಎಲ್ಲದಕ್ಕೂ ಕರೆದುಕೊಂಡು ಹೋಗಿ. ತಾರಸಿ ಹಾಕಿದ ಮೇಲೆ ಅದರ ಮೇಲೆ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರಲ್ಲ, ಒಣಗದ ಹಾಗೆ ನೋಡಿಕೊಳ್ಳುವ ಕೆಲಸ ಅವನಿಗೇ ಕೊಟ್ಟೆವು, ಜೊತೆಗೆ ದೊಡ್ಡವರೊಬ್ಬರು ಇರುತ್ತಿದ್ದರು. ಪೈಪ್ ಹಿಡಿದು ಚಡ್ಡಿಯೆಲ್ಲಾ ಒದ್ದೆ. ಅಲ್ಲಿಂದಲೇ "ನಮ್ಮನೆ" ಅನ್ನೋಕೆ ಶುರು ಮಾಡಿದ. ಅಜ್ಜಿಯ ಒರಳುಕಲ್ಲು ಹಿತ್ತಲಲ್ಲಿ ಮೊದಲಿದ್ದ ಜಾಗದಲ್ಲೇ ಇದೆ.

*

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೇಳಿದೆ. ಕಂಬ ಅಂತಾನೆ ಅಂದುಕೊಂಡಿದ್ದೆ. ತಲೆಬಾಗಿಲಿನ ಚಿಲಕ ಬೇಕಂತೆ. ಈ ವರ್ಷವಷ್ಟೇ ಅವನ ಕೈಗೆ ಎಟುಕಿತ್ತು ಅದು. ಅಣ್ಣನಿಗೆ ಫೋನ್ ಮಾಡಿ ಹೇಳಿದ್ದೀನಿ.