ಸಿಎನ್‌ಎ ಪರೀಕ್ಷೆಗೆ ಹೇಗೆ ತಯಾರಾದಿರಿ? ಅಮೆರಿಕದಲ್ಲಿ ಪಾಸಾದವರ ಅನುಭವ

ಕೇಳಿದವರು

ನಮಸ್ಕಾರ. ನಾನು ಹಾಸನದ ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ವರ್ಕ್ ಪರ್ಮಿಟ್ ಇದೆ. ಸಿಎನ್‌ಎ, ಅಂದರೆ ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್ (ನರ್ಸ್ ಕೈಕೆಳಗೆ ರೋಗಿಗಳನ್ನು ನೋಡಿಕೊಳ್ಳುವ ಸಹಾಯಕಿ) ಕೋರ್ಸ್ ಮುಗಿಯುತ್ತಾ ಬಂತು. ಮುಂದಿನ ತಿಂಗಳು ಪರೀಕ್ಷೆ. ಪುಸ್ತಕದ ಇಂಗ್ಲಿಷ್ ಶಬ್ದ ನೋಡಿದರೆ ಭಯ. ಪರೀಕ್ಷಕರ ಮುಂದೆ ಕೆಲಸ ಮಾಡಿ ತೋರಿಸುವ ಸ್ಕಿಲ್ಸ್ ಟೆಸ್ಟ್ ನೆನೆಸಿಕೊಂಡರೆ ಕೈ ನಡುಗುತ್ತದೆ. ಪಾಸಾದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಫ್ರೀಮಾಂಟ್‌ನಿಂದ

ನೋಡಿ, ನಾನೂ ಇಲ್ಲೇ ಕೋರ್ಸ್ ಮಾಡಿದವಳು. 1987ರ ಫೆಡರಲ್, ಅಂದರೆ ಇಡೀ ದೇಶದ, ಕಾನೂನು ಕನಿಷ್ಠ 75 ಗಂಟೆ ತರಬೇತಿ ಸಾಕು ಅನ್ನುತ್ತದೆ. ನಮ್ಮ ಕ್ಯಾಲಿಫೋರ್ನಿಯಾ ರಾಜ್ಯ 160 ಗಂಟೆ ಕೇಳುತ್ತದೆ. ಅದರಲ್ಲಿ 100 ಗಂಟೆ ರೋಗಿಗಳ ಹತ್ತಿರವೇ ಇದ್ದು ಕಲಿಯುವುದು. ಅಂದರೆ ನೀವು ಈಗಾಗಲೇ ಎಷ್ಟೋ ಅಜ್ಜ ಅಜ್ಜಿಯರಿಗೆ ಊಟ ಮಾಡಿಸಿದ್ದೀರಿ, ಮೈ ಒರೆಸಿದ್ದೀರಿ. ಕೆಲಸ ನಿಮಗೆ ಬರುತ್ತದೆ, ಆ ಬಗ್ಗೆ ಅನುಮಾನ ಬೇಡ.

ಕೈ ನಡುಗುವುದಕ್ಕೆ ನಾನು ಕಂಡುಕೊಂಡ ಮದ್ದು ಒಂದೇ. ಬಾಯಿ ಬಿಟ್ಟು ಮಾತಾಡಿ.

ನಮ್ಮ ಮನೆಗಳಲ್ಲಿ ಅಜ್ಜಿಯ ಕಾಲಿಗೆ ಎಣ್ಣೆ ಹಚ್ಚುವಾಗ ಯಾರೂ ಹೇಳಿ ಕೇಳಿ ಹಚ್ಚುವುದಿಲ್ಲ. ಸುಮ್ನೆ ಕಾಲು ಎಳೆದುಕೊಂಡು ಹಚ್ಚುತ್ತೇವೆ. ಅದು ನಮ್ಮ ಪ್ರೀತಿ. ಇಲ್ಲಿ ಹಾಗೆ ನಡೆಯುವುದಿಲ್ಲ. ಏನು ಮಾಡುತ್ತೇನೆ ಅಂತ ಮುಖ ನೋಡಿ, ನಿಧಾನವಾಗಿ, ಸ್ಪಷ್ಟವಾಗಿ ಹೇಳಬೇಕು. ಪರದೆ ಎಳೆಯಬೇಕು. ಆಮೇಲೆ ಮುಟ್ಟಬೇಕು. ಅದಕ್ಕೂ ಅಂಕ ಇದೆ. ನಾನು ಮೌನವಾಗಿ ಕೆಲಸ ಮಾಡಿ ಅಭ್ಯಾಸ ಆದವಳು. ಮೊದಲನೇ ಸಲ ಅದೇ ನನಗೆ ಮುಳುವಾಯಿತು.

ನಾನು ಕೊಟ್ಟ ಸಿಎನ್‌ಎ ಪರೀಕ್ಷೆಯ ಹೆಸರು ಎನ್‌ಎನ್‌ಎಎಪಿ. ಅದರಲ್ಲಿ 5 ಸ್ಕಿಲ್ ಮಾಡಿ ತೋರಿಸಬೇಕು. ಕೈ ತೊಳೆಯುವುದು ಯಾವಾಗಲೂ ಇರುತ್ತದೆ. ನನಗೆ ನಾಡಿ ಎಣಿಸುವ ಸ್ಕಿಲ್ ಕೂಡ ಸಿಕ್ಕಿತ್ತು. ಮಣಿಕಟ್ಟಿನ ಮೇಲೆ ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ಪರೀಕ್ಷಕರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ 4ಕ್ಕಿಂತ ಜಾಸ್ತಿ ವ್ಯತ್ಯಾಸ ಬರಬಾರದು. ಮಧ್ಯದಲ್ಲಿ ನನಗೆ ಎಣಿಕೆ ತಪ್ಪಿತು. ತಪ್ಪಿತು, ಇನ್ನೊಮ್ಮೆ ಎಣಿಸುತ್ತೇನೆ ಅಂತ ಕೇಳಬೇಕಿತ್ತು. ಸಂಕೋಚ. ಅಂದಾಜಿಗೆ ಒಂದು ಸಂಖ್ಯೆ ಬರೆದೆ. ಫೇಲ್ ಆದೆ. ತಪ್ಪು ಮಾಡಿದರೆ ಅಲ್ಲೇ ಹೇಳಿ ಸರಿಪಡಿಸಿಕೊಳ್ಳಬಹುದು ಅಂತ ಪರೀಕ್ಷೆಯ ಹ್ಯಾಂಡ್‌ಬುಕ್‌ನಲ್ಲೇ ಬರೆದಿದೆ. ಓದಿದ್ದೆ ಕೂಡ. ಆ ಹೊತ್ತಿಗೆ ಬಾಯಿ ಬರಲಿಲ್ಲ.

ಎರಡನೇ ಸಲಕ್ಕೆ ಮೂರು ವಾರ ಮನೆಯಲ್ಲೇ ಅಭ್ಯಾಸ ಮಾಡಿದೆ. ನಮ್ಮ ಯಜಮಾನರನ್ನು ಮಂಚದ ಮೇಲೆ ಮಲಗಿಸಿ, ಬಲಗೈಗೆ ಶಕ್ತಿ ಇಲ್ಲ ಅಂದುಕೊಂಡು ಶರ್ಟ್ ತೊಡಿಸಿದೆ. ತೊಡಿಸುವಾಗ ಶಕ್ತಿ ಇಲ್ಲದ ಕೈ ಮೊದಲು. ತೆಗೆಯುವಾಗ ಗಟ್ಟಿ ಇರುವ ಕೈ ಮೊದಲು. ಮಗಳು ಹ್ಯಾಂಡ್‌ಬುಕ್ ಹಿಡಿದು ಒಂದೊಂದೇ ಹೆಜ್ಜೆಗೆ ಟಿಕ್ ಹಾಕುತ್ತಿದ್ದಳು. ಅದರಲ್ಲಿ ದಪ್ಪ ಅಕ್ಷರದ ಹೆಜ್ಜೆಗಳು ಇರುತ್ತವಲ್ವಾ, ಅದರಲ್ಲಿ ಒಂದು ತಪ್ಪಿದರೂ ಆ ಸ್ಕಿಲ್ ಹೋದಂತೆ. ಅವನ್ನು ಮಾತ್ರ ಬೇರೆ ಕಾಗದದಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿಕೊಂಡೆ.

ಕೈ ತೊಳೆಯುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸೋಪು ಹಚ್ಚಿ ಕನಿಷ್ಠ 20 ಸೆಕೆಂಡ್ ಉಜ್ಜಬೇಕು. ಬೆರಳು ಕೆಳಗೆ, ಮೊಣಕೈ ಮೇಲೆ. ಸಿಂಕ್‌ನ ಒಳಗೆ ಕೈ ತಾಗಬಾರದು. ನಲ್ಲಿ ನಿಲ್ಲಿಸುವುದು ಒಣಗಿದ ಪೇಪರ್ ಟವೆಲ್‌ನಿಂದ. ನಾನು ಪಾತ್ರೆ ತೊಳೆಯಲು ನಿಂತಾಗಲೆಲ್ಲ ಹೀಗೇ ತೊಳೆಯುತ್ತಿದ್ದೆ. ಪರೀಕ್ಷೆ ದಿನ ಯೋಚನೆ ಮಾಡುವ ಅಗತ್ಯವೇ ಬರಲಿಲ್ಲ. ಕೆಲಸ ಮುಗಿದ ಮೇಲೆ ಮಂಚ ತಗ್ಗಿಸಿ, ನಮ್ಮನ್ನು ಕರೆಯುವ ಕಾಲ್ ಬೆಲ್ ರೋಗಿಯ ಕೈಗೆ ಸಿಗುವ ಹಾಗೆ ಇಡಿ. ಗಡಿಬಿಡಿಯಲ್ಲಿ ಮರೆಯುವುದು ಇದೇ.

ಫೇಲ್ ಆದರೂ ಕುಗ್ಗಬೇಡಿ. ಕನಿಷ್ಠ 3 ಅವಕಾಶ ಕೊಡಬೇಕು ಅಂತ ಫೆಡರಲ್ ನಿಯಮವೇ ಇದೆ. ನಾನು ಥಿಯರಿ ಪರೀಕ್ಷೆ ಬಿಟ್ಟು ಸ್ಕಿಲ್ಸ್ ಮಾತ್ರ ಮತ್ತೆ ಕೊಟ್ಟೆ.

ಡಲ್ಲಾಸ್ ಹತ್ತಿರದಿಂದ

ನೋಡಮ್ಮಾ, ನಾನು ನಿನಗಿಂತ ತುಂಬಾ ದೊಡ್ಡವಳು. ಐವತ್ತು ದಾಟಿದ ಮೇಲೆ ಪಾಸು ಮಾಡಿದೆ. ಟೆಕ್ಸಾಸ್‌ನಲ್ಲಿ ತರಬೇತಿ 100 ಗಂಟೆ, ಪರೀಕ್ಷೆಯ ಕ್ರಮವೂ ಸ್ವಲ್ಪ ಬೇರೆ. ಆದ್ದರಿಂದ ಥಿಯರಿ ಬಗ್ಗೆ ಮಾತ್ರ ಹೇಳುತ್ತೇನೆ.

ಇಂಗ್ಲಿಷ್ ಶಬ್ದಗಳಿಗೆ ಒಂದು ನೋಟ್‌ಬುಕ್ ಇಡು, ಅರ್ಥ ಕನ್ನಡದಲ್ಲೇ ಬರಿ. ಆಂಬ್ಯುಲೇಟ್ ಅಂದರೆ ನಡೆಯುವುದು, ರೋಗಿಯನ್ನು ನಡೆಸುವುದು. ಫೌಲರ್ಸ್ ಪೊಸಿಷನ್ ಅಂದರೆ ತಲೆ ಕಡೆ ಎತ್ತರಿಸಿ, ಒರಗಿ ಕೂತ ಹಾಗೆ. ಎನ್‌ಪಿಓ ಅಂದರೆ ಬಾಯಿಗೆ ಏನೂ ಕೊಡಬಾರದು. ಔನ್ಸ್ ಲೆಕ್ಕವೂ ಬರುತ್ತದೆ. ಒಂದು ಔನ್ಸ್‌ಗೆ 30 ಎಂಎಲ್ ಅಂತ ಹಿಡಿ, 8 ಔನ್ಸ್ ಲೋಟ ಅಂದರೆ 240.

ನಾನು ಎಡವಿದ್ದು ಶಬ್ದಕ್ಕಲ್ಲ. ಅಭ್ಯಾಸ ಮಾಡುವಾಗ ಒಂದು ಪ್ರಶ್ನೆ ಬಂತು. ಅಜ್ಜಿ ಸ್ನಾನ ಬೇಡ ಅನ್ನುತ್ತಾರೆ, ಏನು ಮಾಡುತ್ತೀರಿ? ನಾನು ಪುಸಲಾಯಿಸಿ ಮಾಡಿಸುತ್ತೇನೆ ಅನ್ನುವ ಉತ್ತರಕ್ಕೆ ಗುರುತು ಹಾಕಿದೆ. ನಮ್ಮ ಅತ್ತೆಗೆ ಹಾಗೇ ಮಾಡಿದವಳು ನಾನು. ಸರಿ ಉತ್ತರ ಬೇರೆ. ಬೇಡ ಅನ್ನುವುದು ಅವರ ಹಕ್ಕು. ಬಲವಂತ ಮಾಡದೆ ನರ್ಸ್‌ಗೆ ತಿಳಿಸಬೇಕು. ಮೈಮೇಲೆ ಹೊಸ ಕಲೆ ಕಂಡರೂ ತಿಳಿಸಬೇಕು. ಮಾತ್ರೆ ಕೊಡುವುದು ನಮ್ಮ ಕೆಲಸವಲ್ಲ. ಇಷ್ಟು ಮನಸ್ಸಿಗೆ ಬಂದ ಮೇಲೆ ಅರ್ಧ ಪ್ರಶ್ನೆಗಳು ತಾವೇ ಬಿಡಿಸಿಕೊಂಡವು.

ಸ್ಯಾಕ್ರಮೆಂಟೊದಿಂದ

ಎರಡೇ ಮಾತು. ಕೋರ್ಸಿನ ಫೀಸು ಕೈಯಿಂದ ಕಟ್ಟಿದ್ದರೆ ರಸೀತಿ ಇಟ್ಟುಕೊಳ್ಳಿ. ಮುಗಿದ 12 ತಿಂಗಳೊಳಗೆ ಮೆಡಿಕೇರ್ ಅಥವಾ ಮೆಡಿಕೇಡ್ (ಸರ್ಕಾರದ ಆರೋಗ್ಯ ವಿಮೆ) ತೆಗೆದುಕೊಳ್ಳುವ ನರ್ಸಿಂಗ್ ಹೋಂ ಕೆಲಸಕ್ಕೆ ಸೇರಿದರೆ ಆ ಹಣ ವಾಪಸ್ ಕೇಳಬಹುದು.

ಇನ್ನೊಂದು, ಇನಿಷಿಯಲ್ ಇರುವ ನಮ್ಮವರಿಗೆ. ಅರ್ಜಿಯಲ್ಲಿರುವ ಹೆಸರು, ಐಡಿಯಲ್ಲಿರುವ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ನನ್ನ ಐಡಿಯಲ್ಲಿ ಅಪ್ಪನ ಹೆಸರು ಪೂರ್ತಿ ಇತ್ತು, ಅರ್ಜಿಯಲ್ಲಿ ಬರೀ ಒಂದು ಅಕ್ಷರ. ಪರೀಕ್ಷೆಗೆ ಹತ್ತು ದಿನ ಮುಂಚೆ ಗೊತ್ತಾಗಿ ಫೋನ್ ಮಾಡಿ ತಿದ್ದಿಸಿದೆ. ನಿಮ್ಮದನ್ನು ಇವತ್ತೇ ತೆಗೆದು ನೋಡಿ.